ಆಳದ ಗಣಿಯಲ್ಲಿ ಕುಳಿತು ಆಕಾಶವನ್ನು ಕಾದವರು



ಮೂವರು ಅರಸರ ಹಬ್ಬದ ದಿನಗಳಲ್ಲಿ ಮನೆಮನೆಗೆ ಹೋಗಿ ಆಶೀರ್ವದಿಸುವುದು ನಮ್ಮ ವಾಡಿಕೆ. ಹೀಗೆ ಗಾದಿಗನೂರಿನ ಒಂದು ಮನೆಯಲ್ಲಿ ತೀರ್ಥ ಪ್ರೋಕ್ಷಿಸಿ, ಚಹಾ ಕುಡಿಯುತ್ತಾ ಕುಳಿತಿದ್ದೆವು. ಆ ಮನೆಯ ಮಗಳು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಎಂಜಿನಿಯರಿಂಗ್ ಬೇಡ, ಬಿ.ಎಸ್ಸಿ. ಸೇರಿ ಭೌತಶಾಸ್ತ್ರವನ್ನೇ ಓದುತ್ತೇನೆಂದು ಅವಳ ಹಟ. "ಅದನ್ನ ಓದಿದ್ರ ಹೊಟ್ಟಿಗೆ ಏನು ಸಿಗ್ತೈತಿ, ನೀವಾದ್ರೂ ಹೇಳ್ರಿ ಫಾದರ್" ಎಂದರು ತಂದೆ. ಮೂಲೆಯಲ್ಲಿ ಕುಳಿತಿದ್ದ ಅಜ್ಜಿಯದು ಬೇರೆಯೇ ಭಯ. "ಆ ಓದು ಓದಿದೋರು ದೇವರಿಲ್ಲ ಅಂತಾರಂತ, ಖರೇನ ಸಾಮಿ?"

ಏನೋ ಹಾರಿಕೆಯ ಉತ್ತರ ಕೊಟ್ಟು ಎದ್ದುಬಂದೆವು. ದಾರಿಯಲ್ಲಿ ಅದಿರು ತುಂಬಿದ ಗೂಡ್ಸ್ ಗಾಡಿಗಾಗಿ ರೈಲ್ವೆ ಗೇಟು ಮುಚ್ಚಿತ್ತು. ಅಲ್ಲಿ ಕಾಯುತ್ತಿರುವಾಗ ಕೊಟ್ಟ ಉತ್ತರದ ಬಗ್ಗೆ ನಮಗೇ ನಾಚಿಕೆಯಾಯಿತು. ಸರಿಯಾದ ಉತ್ತರ ಕೊಡುವ ಪ್ರಯತ್ನವೇ ಈ ಲೇಖನ.

ಉತ್ತರಕ್ಕಾಗಿ ದೂರದ ದೇಶಗಳಿಗೆ ಹೋಗಬೇಕಾಗಿಲ್ಲ. ನಮ್ಮ ಸಂಡೂರಿನ ಬೆಟ್ಟಗಳೂ ಕೋಲಾರದ ಚಿನ್ನದ ಬಂಡೆಗಳೂ ಭೂಮಿಯ ಬಹು ಹಳೆಯ ಶಿಲೆಗಳು. ಎರಡಕ್ಕೂ 250 ಕೋಟಿ ವರ್ಷಕ್ಕೆ ಮೀರಿದ ವಯಸ್ಸು. ನಮ್ಮವರು ಇಲ್ಲಿ ಕಬ್ಬಿಣ ಅಗೆದರು, ಅವರು ಅಲ್ಲಿ ಚಿನ್ನ ಅಗೆದರು. ಆದರೆ ಕೋಲಾರದ ಗಣಿಯಲ್ಲಿ ಕೆಲವರು ಚಿನ್ನವನ್ನಲ್ಲದೆ ಬೇರೊಂದನ್ನು ಹುಡುಕಿದರು.

ಬಾಹ್ಯಾಕಾಶದಿಂದ ಬರುವ ಕಣಗಳು ಸದಾ ನಮ್ಮ ವಾಯುಮಂಡಲಕ್ಕೆ ಬಡಿಯುತ್ತಿರುತ್ತವೆ. ಆ ಬಡಿತದಿಂದ ಮ್ಯುಯಾನ್ ಎಂಬ ಕಣಗಳು ಹುಟ್ಟಿ ಮಳೆಯಂತೆ ಕೆಳಗಿಳಿಯುತ್ತವೆ. ಚಾಚಿದ ಅಂಗೈಯ ಮೂಲಕ ಸೆಕೆಂಡಿಗೆ ಸರಿಸುಮಾರು ಒಂದು ಹಾದುಹೋಗುತ್ತದೆ. ನಮಗೆ ತಿಳಿಯುವುದೇ ಇಲ್ಲ. ಇವು ನೆಲದೊಳಗೆ ಎಷ್ಟು ಆಳಕ್ಕೆ ಇಳಿಯಬಲ್ಲವು? 1951ರ ಸುಮಾರಿಗೆ ಹೋಮಿ ಭಾಭಾ ಈ ಪ್ರಶ್ನೆಯೊಂದಿಗೆ ಒಬ್ಬ ತರುಣನನ್ನು ಕೋಲಾರದ ಗಣಿಗೆ ಕಳುಹಿಸಿದರು. ಆ ತರುಣ ಬಿ.ವಿ. ಶ್ರೀಕಂಠನ್, 1925ರಲ್ಲಿ ಜನಿಸಿದ ನಂಜನಗೂಡಿನವರು. (ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಆರಂಭವಾದದ್ದೂ ಬೆಂಗಳೂರಿನಲ್ಲಿಯೇ, ಮುಂಬಯಿಗೆ ಹೋದದ್ದು ಆಮೇಲೆ.)

ಆಳಕ್ಕೆ ಇಳಿದಷ್ಟೂ ಮ್ಯುಯಾನ್‌ಗಳು ವಿರಳವಾಗುತ್ತಾ ಹೋದವು. ಕೊನೆಗೆ 1960ರ ದಶಕದ ಆರಂಭದಲ್ಲಿ ಗಣಿಯ ತೀರಾ ಆಳದಲ್ಲಿ ಉಪಕರಣವನ್ನಿಟ್ಟು ಎರಡು ತಿಂಗಳು ಕಾದರೂ ಒಂದೂ ಬರಲಿಲ್ಲ. ನಾವಾಗಿದ್ದರೆ ಕೆಲಸ ಕೆಟ್ಟಿತೆಂದು ಗಂಟುಮೂಟೆ ಕಟ್ಟುತ್ತಿದ್ದೆವು. ಅವರಿಗೆ ಆ ಖಾಲಿ ಪುಟವೇ ಶುಭವಾರ್ತೆಯಾಯಿತು. ಏಕೆಂದರೆ ಅಷ್ಟು ನಿಶ್ಶಬ್ದವಾದ ಜಾಗದಲ್ಲಿ ಮಾತ್ರ ನ್ಯೂಟ್ರಿನೋ ಎಂಬ ಇನ್ನೊಂದು ಕಣದ ಪಿಸುಮಾತು ಕೇಳಿಸಬಹುದಿತ್ತು.

ಈ ನ್ಯೂಟ್ರಿನೋ ಕಥೆ ಸ್ವಾರಸ್ಯವಾದದ್ದು. 1930ರಲ್ಲಿ ಪೌಲಿ ಎಂಬ ವಿಜ್ಞಾನಿ ಲೆಕ್ಕ ಸರಿದೂಗಿಸಲು ಇಂಥದೊಂದು ಕಣ ಇರಲೇಬೇಕೆಂದು ಊಹಿಸಿದರು. ಅದು ಪ್ರಯೋಗದಲ್ಲಿ ಸಿಕ್ಕಿದ್ದು 1956ರಲ್ಲಿ. ಸೂರ್ಯನಿಂದ ಹೊರಟ ನ್ಯೂಟ್ರಿನೋಗಳು ನಮ್ಮ ಒಂದು ಉಗುರಿನಷ್ಟು ಜಾಗವನ್ನು ಸೆಕೆಂಡಿಗೆ ಸುಮಾರು 6,000 ಕೋಟಿ ಸಂಖ್ಯೆಯಲ್ಲಿ ದಾಟುತ್ತವೆ. ಇಡೀ ಭೂಮಿಯನ್ನೇ ತೂರಿಕೊಂಡು ಹೋಗುತ್ತವೆ. ವಾಯುಮಂಡಲದಲ್ಲಿಯೂ ನ್ಯೂಟ್ರಿನೋಗಳು ಹುಟ್ಟುತ್ತವೆ ಎಂಬುದು ಲೆಕ್ಕದಲ್ಲಿ ಗೊತ್ತಿತ್ತು, ಯಾರೂ ಕಂಡಿರಲಿಲ್ಲ. ಭಾರತ, ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳು ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2,300 ಮೀಟರ್ ಆಳದಲ್ಲಿ ಉಪಕರಣಗಳನ್ನು ನಿಲ್ಲಿಸಿದರು. ಉಪಾಯ ಸರಳ. ಮೇಲಿನಿಂದ ಬರುವ ಮ್ಯುಯಾನ್ ಅಷ್ಟು ಆಳವನ್ನು ಮುಟ್ಟಬೇಕಾದರೆ ಹೆಚ್ಚುಕಡಿಮೆ ನೇರವಾಗಿಯೇ ಇಳಿಯಬೇಕು. ಓರೆಯಾಗಿ ಬಂದರೆ ದಾಟಬೇಕಾದ ಬಂಡೆ ಹಲವು ಪಟ್ಟು ಹೆಚ್ಚು. ಆದ್ದರಿಂದ ಅಡ್ಡಡ್ಡ ಸಾಗುವ ಕಣವೊಂದು ಕಂಡರೆ ಅದು ಬಂಡೆಯೊಳಗೇ ನ್ಯೂಟ್ರಿನೋವಿನಿಂದ ಹುಟ್ಟಿರಬೇಕು. 1965ರಲ್ಲಿ ಅಂಥ ಗುರುತುಗಳು ಕಂಡವು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಕಂಡವು. ಮುಂದೆ ಇದೇ ವಾಯುಮಂಡಲದ ನ್ಯೂಟ್ರಿನೋಗಳ ಅಧ್ಯಯನ ಜಪಾನಿನಲ್ಲಿ ಬೆಳೆದು, 2015ರ ನೊಬೆಲ್ ಪ್ರಶಸ್ತಿಯಲ್ಲಿ ಅದಕ್ಕೂ ಪಾಲು ಬಂತು.

ನಮ್ಮ ಮನಸ್ಸಿಗೆ ಹೆಚ್ಚು ತಟ್ಟಿದ್ದು ಈ ಗೆಲುವಲ್ಲ, ಮುಂದಿನ ಪ್ರಸಂಗ. ವಸ್ತುವಿನ ತಿರುಳಿನಲ್ಲಿರುವ ಪ್ರೋಟಾನ್ ಎಂದಾದರೂ ನಶಿಸುತ್ತದೆಯೇ? 1970ರ ದಶಕದ ಸಿದ್ಧಾಂತಗಳು ಹೌದು ಎಂದವು. ಆದರೆ ಅದರ ಆಯುಷ್ಯ ವರ್ಷಗಳಲ್ಲಿ 1ರ ಮುಂದೆ ಸುಮಾರು 30 ಸೊನ್ನೆ! ಕಾಯುವುದು ಹೇಗೆ? ಮನುಷ್ಯರ ಆಯುಸ್ಸು ತಿಳಿಯಲು ಒಬ್ಬ ಅಜ್ಜನ ಪಕ್ಕದಲ್ಲಿ ನೂರು ವರ್ಷ ಕೂರಬೇಕಾಗಿಲ್ಲ. ಧರ್ಮಕೇಂದ್ರದ ಮರಣದ ದಾಖಲೆ ಪುಸ್ತಕವನ್ನು ಒಂದು ವರ್ಷ ನೋಡಿದರೆ ಒಂದು ಅಂದಾಜು ಸಿಗುತ್ತದೆ. ಹಾಗೆಯೇ ಕೋಲಾರದಲ್ಲಿ 140 ಟನ್ ತೂಕದ, ಬಹುಪಾಲು ಕಬ್ಬಿಣದ ಉಪಕರಣವನ್ನು ಆಳದಲ್ಲಿ ನಿಲ್ಲಿಸಿ, ಅದರಲ್ಲಿನ ಅಸಂಖ್ಯ ಪ್ರೋಟಾನ್‌ಗಳಲ್ಲಿ ಒಂದಾದರೂ ಸಾಯುತ್ತದೆಯೇ ಎಂದು 1980ರ ದಶಕದಲ್ಲಿ ಕಾದರು. ಕೆಲವು ಗುರುತುಗಳು ಹಾಗೆ ಕಂಡವು. ಪ್ರಕಟಿಸಿದರು. ಆದರೆ ಅಮೆರಿಕ ಮತ್ತು ಜಪಾನಿನ ಇನ್ನೂ ದೊಡ್ಡ ಉಪಕರಣಗಳಿಗೆ ಅಂಥದೇನೂ ಕಾಣಲಿಲ್ಲ. ಇಂದಿನವರೆಗೂ ಪ್ರೋಟಾನಿನ ಸಾವನ್ನು ಯಾರೂ ದೃಢಪಡಿಸಿಲ್ಲ.

ವರ್ಷಗಟ್ಟಲೆ ಸೆಕೆಯಲ್ಲಿ, ಕತ್ತಲಲ್ಲಿ ದುಡಿದು ಪಡೆದ ಫಲವನ್ನು ಬೇರೆಯವರ ಪರೀಕ್ಷೆಗೆ ಒಡ್ಡುವುದು, ಅವರಿಗೆ ಕಾಣದಿದ್ದರೆ ತಲೆಬಾಗುವುದು! ಭೌತಶಾಸ್ತ್ರ ಮನುಷ್ಯನ ಚಿಂತನೆಗೆ ಕೊಟ್ಟ ದೊಡ್ಡ ಕಾಣಿಕೆ ಮೊಬೈಲು, ಎಕ್ಸರೇಗಳಿಗಿಂತ ಇದೇ ಎಂದು ನಮಗೆ ತೋರುತ್ತದೆ. ಅಲ್ಲಿ ಯಾರ ಹೆಸರು ದೊಡ್ಡದು ಎಂಬುದು ಲೆಕ್ಕಕ್ಕಿಲ್ಲ, ಅಳತೆ ಏನು ಹೇಳಿತು ಎಂಬುದಷ್ಟೇ. ಧರ್ಮಪೀಠದಲ್ಲಿ ನಿಂತು ಮಾತನಾಡುವ ನಮಗೆ ಎದುರು ಪ್ರಶ್ನೆ ಕೇಳುವವರೇ ಇಲ್ಲ. ಅದರ ಅಪಾಯ ನಮಗೆ ಗೊತ್ತು.

ಅಜ್ಜಿಯ ಪ್ರಶ್ನೆಗೆ ಬರೋಣ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕ ಹಾಕಿ ತೋರಿಸಿದ, 1931ರಲ್ಲಿ ಅದಕ್ಕೊಂದು ಆದಿ ಇದ್ದಿರಬೇಕೆಂದು ಸೂಚಿಸಿದ ಜಾರ್ಜ್ ಲಮೇತ್ರ್ ಬೆಲ್ಜಿಯಂ ದೇಶದ ಕಥೋಲಿಕ ಗುರು. 1951ರಲ್ಲಿ ಜಗದ್ಗುರು ಹನ್ನೆರಡನೇ ಪಯಸ್ ತಮ್ಮ ಭಾಷಣವೊಂದರಲ್ಲಿ ಈ ವಿಜ್ಞಾನವನ್ನು ಸೃಷ್ಟಿಯ ಸಾಕ್ಷ್ಯವೆಂಬಂತೆ ಕೊಂಡಾಡಿದಾಗ ಸಂತೋಷಪಡಬೇಕಾಗಿದ್ದ ಲಮೇತ್ರ್ ಅವರಿಗೆ ಅದು ಹಿಡಿಸಲಿಲ್ಲ. ತಮ್ಮ ಸಿದ್ಧಾಂತ ದೇವರ ಪರವೂ ಅಲ್ಲ, ವಿರುದ್ಧವೂ ಅಲ್ಲ ಎಂಬುದು ಅವರ ನಿಲುವು. ನಾವೂ ಒಮ್ಮೆ ಪ್ರಬೋಧನೆಯಲ್ಲಿ, ವಿಜ್ಞಾನಕ್ಕೆ ಗೊತ್ತಿಲ್ಲದ ಸಂದಿಗಳನ್ನು ಎಣಿಸಿ ಅಲ್ಲೆಲ್ಲ ದೇವರನ್ನು ಕೂರಿಸಿದ್ದೆವು. ಸಂದಿ ಮುಚ್ಚಿದ ದಿನ ಆ ದೇವರು ಎಲ್ಲಿಗೆ ಹೋಗಬೇಕು?

ಶ್ರೀಕಂಠನ್ ಅವರು ಟಾಟಾ ಸಂಸ್ಥೆಯ ನಿರ್ದೇಶಕರಾಗಿ ನಿವೃತ್ತರಾದ ಬಳಿಕ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಸೇರಿ, 'ನಾನು' ಎಂಬ ಅರಿವು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಹಿಡಿದು ಕುಳಿತರು. ಅಳೆಯುವುದನ್ನು ಬಲ್ಲವರೇ ಅಳತೆಗೆ ಸಿಗದುದರ ಮುಂದೆ ಕುಳಿತಿದ್ದರು. 2019ರಲ್ಲಿ ತೀರಿಕೊಂಡರು. ಕೋಲಾರದ ಗಣಿ 2001ರ ಫೆಬ್ರುವರಿ 28ರಂದು, ರಾಷ್ಟ್ರೀಯ ವಿಜ್ಞಾನ ದಿನದಂದೇ ಮುಚ್ಚಿತು. ಆ ಆಳದಲ್ಲಿ ಈಗ ನೀರು ತುಂಬಿದೆ.

ಕಳೆದ ವಾರ ಗಾದಿಗನೂರಿನ ಆ ಮನೆಗೆ ಮತ್ತೆ ಹೋಗಿ ಇದನ್ನೆಲ್ಲ ಹೇಳಿದೆವು. ಬರಿ ಬಿ.ಎಸ್ಸಿ.ಯಿಂದ ಕೆಲಸ ಸುಲಭವಲ್ಲ, ಎಂ.ಎಸ್ಸಿ.ಯೋ ಬಿ.ಎಡ್.ಓ ಬೇಕಾದೀತು, ಐದಾರು ವರ್ಷ ಖರ್ಚು ನೋಡಿಕೊಳ್ಳಬೇಕು ಎಂದು ತಂದೆಗೆ ಮುಚ್ಚುಮರೆಯಿಲ್ಲದೆ ತಿಳಿಸಿದೆವು. ಅವರು ಇನ್ನೂ ಒಪ್ಪಿಲ್ಲ. ಅಜ್ಜಿ ಮಾತ್ರ ಬಲಗೈ ಚಾಚಿ, "ಈಗಲೂ ಇದರಾಗ ಹಾಯ್ತೈತೇನ ಅದು?" ಎಂದು ಮೊಮ್ಮಗಳನ್ನು ಕೇಳಿದರು. ಹುಡುಗಿ ಆ ಒರಟು ಅಂಗೈಯನ್ನು ಹಿಡಿದುಕೊಂಡು ಗಡಿಯಾರ ನೋಡುತ್ತಾ ಎಣಿಸತೊಡಗಿದಳು: ಒಂದು, ಎರಡು, ಮೂರು...