ಟೀಮ್ ಮಾಡಿದ್ದು ಹೇಗೆ?

‘ಆಟ ಎಲ್ಲರನ್ನೂ ಒಂದು ಮಾಡುತ್ತೆ.’ ಟೂರ್ನಮೆಂಟ್ ಉದ್ಘಾಟನೆಗೆ ಬಂದ ಅತಿಥಿಗಳೆಲ್ಲ ಹೇಳುವ ಮಾತಿದು. ನಿಜವಾ? ಯಾರಾದರೂ ಅಳೆದು ನೋಡಿದ್ದಾರಾ? ನೋಡಿದ್ದಾರೆ. ಸಲ್ಮಾ ಮೂಸಾ ಎಂಬ ಸಂಶೋಧಕಿ ಇರಾಕ್‌ನಲ್ಲಿ ಫುಟ್‌ಬಾಲ್ ಆಡಿಸಿ ಅಳೆದರು.

2014ರಲ್ಲಿ ಐಸಿಸ್ ಉಗ್ರರು ನುಗ್ಗಿದಾಗ ಉತ್ತರ ಇರಾಕ್‌ನ ಕ್ರೈಸ್ತರು ಮನೆಮಠ ಬಿಟ್ಟು ಓಡಿದರು. ಆಮೇಲೆ ಅಕ್ಕಪಕ್ಕದ ಮುಸ್ಲಿಮರ ಮೇಲೂ ನಂಬಿಕೆ ಉಳಿಯಲಿಲ್ಲ. ಆ ಮುಸ್ಲಿಮರಲ್ಲೂ ಎಷ್ಟೋ ಜನ ಐಸಿಸ್‌ನಿಂದಲೇ ನೆಲೆ ಕಳೆದುಕೊಂಡವರು, ಅದನ್ನು ಕೇಳೋರು ಯಾರು? ಇಂಥ ಕಡೆ ಹವ್ಯಾಸಿ ಕ್ರೈಸ್ತ ತಂಡಗಳ ಲೀಗ್ ಶುರುವಾಯಿತು. ಚೀಟಿ ಎತ್ತಿದ ಹಾಗೆ ಕೆಲವು ತಂಡಗಳನ್ನು ಆರಿಸಿ, ಮೂರು-ನಾಲ್ಕು ಮುಸ್ಲಿಂ ಆಟಗಾರರನ್ನು ಸೇರಿಸಿದರು. ಉಳಿದ ತಂಡಗಳಿಗೆ ಸೇರಿದವರೂ ಕ್ರೈಸ್ತರೇ. ಒಂದನ್ನು ಮಾತ್ರ ಬದಲಿಸು, ಮಿಕ್ಕಿದ್ದನ್ನು ಹಾಗೇ ಇಡು ಅಂತ ಇಂಜಿನಿಯರಿಂಗ್ ಲ್ಯಾಬ್‌ನಲ್ಲಿ ನಮಗೆ ಹೇಳಿಕೊಡ್ತಿದ್ರಲ್ಲ, ಅದೇ ಉಪಾಯ.

ಫಲಿತಾಂಶ 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಮಿಶ್ರ ತಂಡದಲ್ಲಿ ಆಡಿದ ಕ್ರೈಸ್ತರು ಬೇರೆ ತಂಡದ ಮುಸ್ಲಿಂ ಆಟಗಾರನಿಗೂ ಕ್ರೀಡಾ ಮನೋಭಾವದ ಪ್ರಶಸ್ತಿ ಸಿಗಲಿ ಅಂತ ಹೆಚ್ಚಾಗಿ ಮತ ಹಾಕಿದರು. ಮುಂದಿನ ಸೀಸನ್‌ಗೂ ಮಿಶ್ರ ತಂಡಕ್ಕೇ ಹೆಸರು ಕೊಟ್ಟರು. ಆರು ತಿಂಗಳಾದ ಮೇಲೂ ಜೊತೆಗೆ ಪ್ರಾಕ್ಟೀಸ್ ಮಾಡುತ್ತಿದ್ದರು. ಆದರೆ ಮುಸ್ಲಿಮರೇ ಹೆಚ್ಚಿರುವ ಮೋಸುಲ್ ನಗರದ ಹೋಟೆಲ್‌ಗೆ ಊಟಕ್ಕೆ ಹೋಗೋ ವಿಷಯ ಬಂದಾಗ? ಅಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೈದಾನದ ಗೆಳೆತನ ಮೈದಾನದ ಗೆರೆ ದಾಟಲು ತಡವರಿಸಿತು. ಜೀವ ಉಳಿಸಿಕೊಂಡು ಓಡಿಬಂದವರ ಭಯ ಒಂದು ಸೀಸನ್‌ಗೆ ಹೋಗಲಿಲ್ಲ ಅಂದರೆ ಅವರನ್ನು ದೂರುವುದಕ್ಕಾಗುತ್ತಾ?

ನಮ್ಮ ದೇಶದಲ್ಲೂ ಇಂಥದ್ದೇ ಒಂದು ಪ್ರಯೋಗ ನಡೆದಿದೆ. ಮ್ಯಾಥ್ಯೂ ಲೋ ಎಂಬ ಅರ್ಥಶಾಸ್ತ್ರಜ್ಞ ಉತ್ತರ ಪ್ರದೇಶದಲ್ಲಿ ಬೇರೆ ಬೇರೆ ಜಾತಿಯ 1,261 ಯುವಕರನ್ನು ಇಟ್ಟುಕೊಂಡು ಕ್ರಿಕೆಟ್ ಲೀಗ್ ಮಾಡಿದರು. ಅವರಲ್ಲಿ ಒಂದು ಪಾಲು ಆಡದೆ, ಹೋಲಿಕೆಗಾಗಿ ಹೊರಗುಳಿದರು. ಒಂದೇ ತಂಡದಲ್ಲಿ ಆಡಿದ ಬೇರೆ ಜಾತಿಯವರು ಗೆಳೆಯರಾದರು, ಸ್ವಜಾತಿ ಪಕ್ಷಪಾತ ಕಡಿಮೆಯಾಯಿತು. ಎದುರಾಳಿಗಳಾಗಿ ಆಡಿದವರಲ್ಲಿ ಮಾತ್ರ ಒಡನಾಟ ಹೆಚ್ಚುವ ಬದಲು ತಗ್ಗಿತು.

ಅಂದರೆ ಬ್ಯಾಟು-ಬಾಲಿಗೆ ತನ್ನಷ್ಟಕ್ಕೆ ಯಾವ ಮಂತ್ರಶಕ್ತಿಯೂ ಇಲ್ಲ. ರನ್ ಓಡುವಾಗ ಆ ಕಡೆ ಕ್ರೀಸ್‌ನಲ್ಲಿ ನಿಂತವನನ್ನು ನಂಬಲೇಬೇಕು, ಇಲ್ಲದಿದ್ದರೆ ಇಬ್ಬರಲ್ಲಿ ಒಬ್ಬರು ಔಟ್. ಎದುರಾಳಿಯನ್ನು ಹಾಗೆ ನಂಬುವ ಪ್ರಸಂಗವೇ ಬರುವುದಿಲ್ಲ.

ಕರ್ನಾಟಕದಲ್ಲೂ ಸಮುದಾಯದ ಹೆಸರಲ್ಲೇ ಕಪ್‌ಗಳು ನಡೆಯುತ್ತವೆ, ಗೊತ್ತಲ್ಲ? ನಮ್ಮವರಿಗೆ ಮಾತ್ರ ಪ್ರವೇಶ ಅನ್ನೋದೂ ಉಂಟು. ಸೌಹಾರ್ದ ಟೂರ್ನಮೆಂಟ್ ಇದೆ, ಸುದ್ದಿ ಮಾಡಿ ಸಾರ್ ಅಂತ ಮುಂದಿನ ಸಲ ಯಾರಾದರೂ ಫೋನ್ ಮಾಡಿದರೆ ನಾನು ಕೇಳೋದು ಒಂದೇ ಪ್ರಶ್ನೆ: ಟೀಮ್ ಮಾಡಿದ್ದು ಹೇಗೆ?