ಅಂಜಿಕೆ ಹುಟ್ಟುವುದೆಲ್ಲಿ?

ನಮ್ಮ ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು, ಅರಕಲಗೂಡು ತಾಲೂಕುಗಳ ಅನೇಕ ಹಳ್ಳಿಗಳಲ್ಲಿ ಸಂಜೆಯಾಯಿತೆಂದರೆ ಆನೆಯ ಅಂಜಿಕೆ. ಅದೇ ಆನೆ ಹೊಳೆನರಸೀಪುರ, ಚನ್ನರಾಯಪಟ್ಟಣದ ಮಕ್ಕಳಿಗೆ ದಸರಾ ಮೆರವಣಿಗೆಯ ಬೆರಗು. ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರು ಬಳಿ ಕಾಡಾನೆಯೊಡನೆ ಕಾದಾಡಿ ಮಡಿದಾಗ, ಆನೆಗೆ ಅಂಜಿ ಬಾಳುವ ಜನರೇ ಕಣ್ಣೀರಿಟ್ಟರು. ಪ್ರಾಣಿ ಒಂದೇ, ಭಾವನೆಗಳೇಕೆ ಬೇರೆ ಬೇರೆ?

ನಾವು ಅಂಜಿದ್ದರಿಂದ ನಡುಗುವುದಿಲ್ಲ, ನಡುಗುವುದರಿಂದಲೇ ಅಂಜುತ್ತೇವೆ ಎಂದು ಅಮೆರಿಕದ ವಿಲಿಯಂ ಜೇಮ್ಸ್ 1884ರಲ್ಲಿ ವಾದಿಸಿದರು. ಗುರುಮಠದಲ್ಲಿ ಇದನ್ನು ಮೊದಲು ಓದಿದಾಗ ನಾವು ನಕ್ಕಿದ್ದುಂಟು. ಆದರೆ ವಾದವನ್ನು ಅಲ್ಲಗಳೆಯುವುದು ಸುಲಭವಾಗಿರಲಿಲ್ಲ. 1927ರಲ್ಲಿ ವಾಲ್ಟರ್ ಕ್ಯಾನನ್ ಅದಕ್ಕೆ ಆಕ್ಷೇಪವೆತ್ತಿದರು: ಎದೆ ಹೊಡೆದುಕೊಳ್ಳುವುದು ಭಯದಲ್ಲೂ ಹೌದು, ಸಿಟ್ಟಿನಲ್ಲೂ ಹೌದು, ಜ್ವರದಲ್ಲೂ ಹೌದು, ಹಾಗಿರುವಾಗ ದೇಹವೊಂದೇ ಇವುಗಳನ್ನು ಬೇರ್ಪಡಿಸುವುದೆಂತು?

ನಮಗೆ ಹೆಚ್ಚು ಒಪ್ಪಿತವಾದುದು ಮ್ಯಾಗ್ಡಾ ಆರ್ನಾಲ್ಡ್ ಎಂಬ ಕಥೋಲಿಕ ವಿದುಷಿಯ ವಿಚಾರ. ಎದುರಿರುವುದು ನನಗೆ ಹಿತವೋ ಅಹಿತವೋ ಎಂದು ಮನಸ್ಸು ಕ್ಷಣಮಾತ್ರದಲ್ಲಿ ತೂಗುತ್ತದೆ, ಆ ತೂಕದಿಂದಲೇ ಭಾವನೆ ಹುಟ್ಟುತ್ತದೆ ಎಂದು ಆಕೆ 1960ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಇದರ ಬೇರು ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರಲ್ಲಿದೆ. ಕುರಿ ತೋಳನನ್ನು ಕಂಡು ಓಡುವುದು ಅದರ ಬಣ್ಣಕ್ಕೋ ಆಕಾರಕ್ಕೋ ಅಲ್ಲ, ಅದು ತನ್ನ ವೈರಿಯೆಂದು ಗ್ರಹಿಸಿ ಎಂದರು ಅವರು.

ಇನ್ನು ಮನುಷ್ಯನನ್ನು ನಡೆಸುವ ಪ್ರೇರಣೆ. ಮೊದಲು ಹಸಿವು, ಆಮೇಲೆ ಸುರಕ್ಷತೆ, ಅನಂತರ ಪ್ರೀತಿ, ಗೌರವ ಎಂದು ಅಬ್ರಹಾಂ ಮ್ಯಾಸ್ಲೋ 1943ರಲ್ಲಿ ಮೆಟ್ಟಿಲು ಜೋಡಿಸಿದರು. ಆನೆಯ ಸುಳಿವಿದ್ದರೂ ಬೆಳಗಿನ ಕೂಲಿಗೆ ಕಾಫಿ ತೋಟಕ್ಕೆ ಹೊರಡುವ ತಾಯಿಯನ್ನು ಕಂಡರೆ ಈ ಮಾತು ನಿಜ. ಆದರೆ ಸಾವಾದ ಮನೆಗೆ ಅದೇ ತಾಯಿ ಕತ್ತಲಲ್ಲಿ ಅದೇ ದಾರಿ ಹಿಡಿದು ಹೋಗುತ್ತಾಳಲ್ಲ! ಮೆಟ್ಟಿಲುಗಳ ಕ್ರಮ ಕಟ್ಟುನಿಟ್ಟಲ್ಲವೆಂದು ಮ್ಯಾಸ್ಲೋ ಅವರೇ ಒಪ್ಪಿದ್ದರು. ಪಠ್ಯಪುಸ್ತಕಗಳು ಮಾತ್ರ ಅದನ್ನು ಮರೆತಂತಿವೆ.

ಒಂದು ಮನೆಯಲ್ಲಿ ಹತ್ತು ವರ್ಷದ ಹುಡುಗ ಕತ್ತಲಾದೊಡನೆ ನಡುಗುತ್ತಿದ್ದ. "ಗಂಡುಹುಡುಗ ಹೆದರಬಾರದು" ಎಂದು ಗದರಿದವರಲ್ಲಿ ನಾವೂ ಸೇರಿದ್ದೆವು. ಮುಂದಿನ ಭೇಟಿಯಲ್ಲಿ ಬಳಿ ಕೂರಿಸಿಕೊಂಡು, "ಕತ್ತಲಾದರೆ ನಿನ್ನ ಮನಸ್ಸಿಗೆ ಏನು ಬರುತ್ತೆ ಮಗು?" ಎಂದು ಕೇಳಿದೆವು.

"ಅಪ್ಪ ಇನ್ನೂ ತೋಟದಿಂದ ಬಂದಿರಲ್ವಲ್ಲ, ಫಾದರ್."

ಆನೆಯ ಮಾತನ್ನೇ ಅವನು ಎತ್ತಲಿಲ್ಲ.