ಬಾಲಂಗೋಚಿಗಳು ಕಲಿಸುವ ಪಾಠ

1996ರ ಅಕ್ಟೋಬರ್ 21ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಟೈಟಾನ್ ಕಪ್ ಏಕದಿನ ಪಂದ್ಯವನ್ನು ರಾಜ್ಯದ ಕ್ರಿಕೆಟ್ ಪ್ರಿಯರು ಇಂದಿಗೂ ಮರೆತಿಲ್ಲ. ಮಾರ್ಕ್ ಟೇಲರ್ ಅವರ ಶತಕದ ನೆರವಿನಿಂದ ಆಸ್ಟ್ರೇಲಿಯಾ 215 ರನ್ ಗಳಿಸಿತ್ತು. ಬೆನ್ನಟ್ಟಿದ ಭಾರತದ ಪರ ಸಚಿನ್ ತೆಂಡೂಲ್ಕರ್ 88 ರನ್ ಗಳಿಸಿ ನಿರ್ಗಮಿಸಿದ್ದರು. ಮೊತ್ತ 164 ಆಗುವಷ್ಟರಲ್ಲಿ ಎಂಟು ವಿಕೆಟ್‌ಗಳು ಉರುಳಿದ್ದವು. ಗೆಲುವಿಗೆ ಇನ್ನೂ 52 ರನ್ ಬೇಕಿತ್ತು. ಕ್ರೀಸಿನಲ್ಲಿದ್ದವರು ಬ್ಯಾಟಿಂಗ್‌ಗೆ ಹೆಸರಾಗದ ಇಬ್ಬರು ಬೌಲರುಗಳು: ಮೈಸೂರಿನ ಜಾವಗಲ್ ಶ್ರೀನಾಥ್ ಮತ್ತು ಬೆಂಗಳೂರಿನ ಅನಿಲ್ ಕುಂಬ್ಳೆ.

ಸಚಿನ್ ಔಟಾದೊಡನೆ ಟಿ.ವಿ. ಬಂದ್ ಮಾಡಿ ಏಳುವುದು ಆ ಕಾಲದ ವಾಡಿಕೆ. ಅಂದೂ ಹಾಗೆ ಎದ್ದುಹೋದವರು ಅಸಂಖ್ಯ. ಕುಳಿತೇ ಇದ್ದವರು ಮಾತ್ರ ಶ್ರೀನಾಥ್ ಅಜೇಯ 30, ಕುಂಬ್ಳೆ ಅಜೇಯ 16 ರನ್ ಗಳಿಸಿ, ಏಳು ಚೆಂಡುಗಳು ಉಳಿದಿರುವಂತೆಯೇ ತಂಡವನ್ನು ದಡ ಸೇರಿಸಿದ್ದನ್ನು ಕಂಡರು. ಮಗನ ಆಟ ನೋಡಲು ಬಂದಿದ್ದ ಕುಂಬ್ಳೆಯವರ ತಾಯಿ ಅಂದು ಗ್ಯಾಲರಿಯಲ್ಲಿದ್ದರು. ಹೋದ ವಿಕೆಟ್‌ಗಳನ್ನು ಎಣಿಸುತ್ತಿದ್ದವರು ಎದ್ದರು, ಉಳಿದ ಚೆಂಡುಗಳನ್ನು ಎಣಿಸುತ್ತಿದ್ದವರು ಕುಳಿತರು.

ಕೊನೆಯ ಕ್ರಮಾಂಕದ ಆಟಗಾರರನ್ನು ಕನ್ನಡ ಪತ್ರಿಕೆಗಳು 'ಬಾಲಂಗೋಚಿಗಳು' ಎಂದು ಕರೆಯುತ್ತ ಬಂದಿವೆ. ಈ ಮಾತಿನಲ್ಲಿ ತುಸು ತಾತ್ಸಾರವಿದೆ. ಆದರೆ ಬಾಲಂಗೋಚಿಯೆಂಬುದು ಮೂಲತಃ ಗಾಳಿಪಟದ ಬಾಲ. ಅದಿಲ್ಲದೆ ಪಟ ಗಿರಕಿ ಹೊಡೆದು ನೆಲಕ್ಕೆ ಬೀಳುತ್ತದೆಂಬುದು ಹಳ್ಳಿಯ ಮಕ್ಕಳಿಗೂ ಗೊತ್ತು. ಪಟವನ್ನು ಆಗಸದಲ್ಲಿ ನಿಲ್ಲಿಸುವ ಭಾರ ಅದರದೇ.

ಸಿಂಧನೂರು, ಮಸ್ಕಿ ಭಾಗದ ರೈತರಿಗೆ ಈ 'ಬಾಲ'ದ ಅನುಭವ ಹೊಸದೇನಲ್ಲ. ತುಂಗಭದ್ರಾ ಎಡದಂಡೆ ನಾಲೆ ಹೊಸಪೇಟೆ ಸಮೀಪದ ಜಲಾಶಯದಿಂದ ಹೊರಟು ಸುಮಾರು 227 ಕಿ.ಮೀ. ಹರಿಯುತ್ತದೆ. ಮೇಲ್ಭಾಗದಲ್ಲಿ ನೀರು ಸಮೃದ್ಧ. ಉಪಕಾಲುವೆಗಳ ಕೊನೆಯಲ್ಲಿರುವ ಹೊಲಗಳಿಗೆ ಅದು ತಲುಪುವುದು ಅನುಮಾನ. ಆ ಭಾಗವನ್ನು ಜನ 'ಟೇಲೆಂಡ್' ಎಂದೇ ಕರೆಯುತ್ತಾರೆ. ಕ್ರಿಕೆಟ್‌ನ ಕೊನೆಯ ಆಟಗಾರನಿಗೂ ಇಂಗ್ಲಿಷಿನಲ್ಲಿ ಅದೇ ಹೆಸರು. ಭತ್ತದ ಕಣಜವೆನಿಸಿದ ಸಿಂಧನೂರಿನಲ್ಲಿ ಕನ್ನಡಿಗರಲ್ಲದೆ ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪ್‌ಗಳ ತೆಲುಗರೂ, ಪುನರ್ವಸತಿ ಕ್ಯಾಂಪ್‌ಗಳ ಬಂಗಾಳಿಗಳೂ ಇದ್ದಾರೆ. ಭಾಷೆ ಮೂರಾದರೂ ನಾಲೆಯ ಗೇಜ್ ಮತ್ತು ಪಂದ್ಯದ ಸ್ಕೋರು, ಇವೆರಡನ್ನು ಕೇಳುವ ಕಾತರ ಒಂದೇ.

ಬಾಲ ಸೊರಗಲು ಕಾರಣವೇನು? ಹೂಳು ತುಂಬಿ ಜಲಾಶಯದ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ.ಯಿಂದ 105 ಟಿ.ಎಂ.ಸಿ.ಗೆ ಇಳಿದಿರುವುದು ಒಂದು. ಕಡಿಮೆ ನೀರು ಬೇಡುವ ಬೆಳೆಗಳಿಗೆಂದು ರೂಪಿಸಿದ ನಾಲೆಯ ಮೇಲ್ಭಾಗದಲ್ಲಿ ಭತ್ತವೇ ಹಬ್ಬಿರುವುದು ಇನ್ನೊಂದು. ಇದನ್ನು ಗ್ರಹಿಸಲು ಮತ್ತೊಂದು ಪಂದ್ಯ ನೆರವಾಗುತ್ತದೆ. 1975ರ ಜೂನ್ 7ರಂದು ಮೊದಲ ವಿಶ್ವಕಪ್‌ನ ಮೊದಲ ದಿನ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ 60 ಓವರ್‌ಗಳಲ್ಲಿ 334 ರನ್ ಪೇರಿಸಿತು. ಉತ್ತರವಾಗಿ ಸುನಿಲ್ ಗಾವಸ್ಕರ್ 174 ಚೆಂಡುಗಳನ್ನು ಎದುರಿಸಿ ಔಟಾಗದೆ ಗಳಿಸಿದ್ದು 36 ರನ್. ಭಾರತ ಕಳೆದುಕೊಂಡದ್ದು ಮೂರೇ ವಿಕೆಟ್, ಸೋತದ್ದು 202 ರನ್‌ಗಳಿಂದ. ಪೆವಿಲಿಯನ್ನಿನಲ್ಲಿದ್ದವರಿಗೆ ಬ್ಯಾಟ್ ಹಿಡಿಯುವ ಸರದಿಯೇ ಬರಲಿಲ್ಲ. ಮುಂದಿನವನು ಎಲ್ಲ ಚೆಂಡುಗಳನ್ನೂ ತಾನೇ ಬಳಸಿದರೆ ಹಿಂದಿನವನ ಶ್ರಮಕ್ಕೆ ಎಡೆಯೆಲ್ಲಿ? ಆದರೆ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ಕ್ರಿಕೆಟ್‌ನಲ್ಲಿ ಹನ್ನೊಂದನೆಯವನಿಗೂ ಅದೇ ಪಿಚ್, ಅದೇ ಅಂಪೈರ್. ನಾಲೆಯ ಕೊನೆಯ ರೈತನಿಗೆ ಆ ಸಮಾನತೆಯಿಲ್ಲ. ಅವನಿಗೆ ತಾಳ್ಮೆಯನ್ನು ಬೋಧಿಸುವುದು ಮೇಲ್ಭಾಗದವರಿಗೆ ಸುಲಭ.

ಸುಮ್ಮನೆ ಕಾಯುವುದು ಬೇರೆ, ಕ್ರೀಸು ಬಿಡದೆ ಕಾಯುವುದು ಬೇರೆ. ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು 2020ರಲ್ಲಿ ಆರಂಭಿಸಿದ ಅನಿರ್ದಿಷ್ಟ ಧರಣಿ ಎರಡನೆಯ ಬಗೆಯದು. 2021ರ ಏಪ್ರಿಲ್‌ನಲ್ಲಿ ನಡೆದ ಮಸ್ಕಿ ವಿಧಾನಸಭಾ ಉಪಚುನಾವಣೆಯಲ್ಲಿ ಎಲ್ಲ ಪಕ್ಷಗಳೂ ಆ ಕಾಲುವೆಯ ಬಗ್ಗೆ ಮಾತನಾಡಬೇಕಾಯಿತು.

ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿಯ ಮೇಲೆ ದುಡಿಯುವವರ ಸ್ಥಿತಿ ಇನ್ನೊಂದು ತೆರನದು. ಭೂಮಿಯಡಿ ಇಳಿಯುವಾಗ ಕೇಳಿದ ಸ್ಕೋರಿಗೂ ಮೇಲೆ ಬಂದಾಗ ಕೇಳುವ ಫಲಿತಾಂಶಕ್ಕೂ ಎಷ್ಟೋ ವೇಳೆ ಸಂಬಂಧವೇ ಇರುವುದಿಲ್ಲ. ನಡುವಿನ ಆಟವನ್ನು ಕಾಣದವರು ಗೆದ್ದವರನ್ನು ಹೊಗಳುವುದರಲ್ಲೂ ಸೋತವರನ್ನು ಬೈಯುವುದರಲ್ಲೂ ತುಸು ಸಂಯಮ ತೋರುವುದುಂಟು. ಪೂರ್ತಿ ನೋಡಿದವರಲ್ಲಿ ಅದು ವಿರಳ!

ಆ ಸಂಯಮದ ಕೊರತೆ ಎದ್ದು ಕಂಡದ್ದು 2023ರ ನವೆಂಬರ್ 19ರ ರಾತ್ರಿ. ಸತತ ಹತ್ತು ಪಂದ್ಯಗಳನ್ನು ಗೆದ್ದು ಅಹಮದಾಬಾದಿನ ವಿಶ್ವಕಪ್ ಫೈನಲ್ ಪ್ರವೇಶಿಸಿದ್ದ ಭಾರತ 240 ರನ್‌ಗಳಿಗೆ ಆಲೌಟಾಯಿತು. 47ಕ್ಕೆ 3 ವಿಕೆಟ್ ಕಳೆದುಕೊಂಡಿದ್ದ ಆಸ್ಟ್ರೇಲಿಯಾವನ್ನು ಟ್ರಾವಿಸ್ ಹೆಡ್ 137 ರನ್ ಗಳಿಸಿ ಗೆಲುವಿನತ್ತ ಒಯ್ದರು. 107 ಚೆಂಡುಗಳಲ್ಲಿ 66 ರನ್ ಗಳಿಸಿದ್ದ ಕನ್ನಡಿಗ ಕೆ.ಎಲ್. ರಾಹುಲ್ ಅವರ ನಿಧಾನಗತಿಯೇ ಸೋಲಿಗೆ ಕಾರಣವೆಂದು ಅನೇಕರು ತೀರ್ಪಿತ್ತರು. ವಿಕೆಟ್‌ಗಳು ಉರುಳುತ್ತಿದ್ದಾಗ ಒಂದು ತುದಿ ಕಾಯ್ದವನ ಮೇಲೆ ಹೊರಿಸಿದ ಈ ಆರೋಪ ನ್ಯಾಯವಾದುದಲ್ಲ. ಅದೇ ವರ್ಷ ಮಳೆ ಕೈಕೊಟ್ಟು ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತ್ತು. ಬೀಜ, ಗೊಬ್ಬರ, ದುಡಿಮೆ ಯಾವುದರಲ್ಲೂ ಲೋಪವಿಲ್ಲದಿದ್ದರೂ ಬೆಳೆ ಕೈಗೆ ಬಾರದ ಅನುಭವವುಳ್ಳ ರೈತನಿಗೆ, ಹತ್ತು ಪಂದ್ಯ ಗೆದ್ದವರು ಹನ್ನೊಂದನೆಯದರಲ್ಲಿ ಸೋತದ್ದನ್ನು ಯಾರೂ ವಿವರಿಸಬೇಕಾಗಿಲ್ಲ.

ಏಳು ತಿಂಗಳ ಬಳಿಕ, 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ನಡೆದ ಟಿ-20 ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ 30 ಚೆಂಡುಗಳಲ್ಲಿ 30 ರನ್ ಸಾಕಿತ್ತು. ಭಾರತ 7 ರನ್‌ಗಳಿಂದ ಗೆದ್ದಿತು. 1996ರ ಅಭ್ಯಾಸದವರು ಇಲ್ಲಿಯೂ ಬೇಗನೆ ಎದ್ದಿದ್ದಲ್ಲಿ ಅಚ್ಚರಿಯಿಲ್ಲ.

ಅದೇ ವರ್ಷದ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್‌ಗೇಟ್‌ಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ತುಂಬಿದ್ದ ನೀರು ನದಿಗೆ ಹರಿಯತೊಡಗಿದಾಗ ಎರಡನೇ ಬೆಳೆ ಹೋಯಿತೆಂದೇ ಎಡದಂಡೆಯ ಊರುಗಳು ಭಾವಿಸಿದ್ದವು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ನೂರಾರು ಕೆಲಸಗಾರರು, ಜಲಾಶಯ ಬರಿದಾಗುವವರೆಗೆ ಕಾಯದೆ, ನೀರು ಹರಿಯುತ್ತಿರುವಾಗಲೇ ಸ್ಟಾಪ್‌ಲಾಗ್‌ಗಳನ್ನು ಇಳಿಸಿದರು. ಅವಘಡ ನಡೆದ ಒಂದು ವಾರದಲ್ಲಿ ಹೊರಹರಿವು ನಿಂತಿತು. ಸೆಪ್ಟೆಂಬರ್ ವೇಳೆಗೆ ಜಲಾಶಯ ಮತ್ತೆ ತುಂಬಿತು.